ದೀಪಗಳು ಮಾತಾಡಿದರೆ ಯಾರಿಗೆ ತ್ರಾಸು?



ದೇವನೂರ ಮಹಾದೇವ ಅವರ 'ಕುಸುಮಬಾಲೆ'ಯ ಹೆಸರು ಕೇಳದ ಕಾರ್ಯಕರ್ತ ಕರ್ನಾಟಕದಲ್ಲಿ ಸಿಗಲಿಕ್ಕಿಲ್ಲ. ಅದಕ್ಕೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 2015ರಲ್ಲಿ ದೇಶದ ಅಸಹನೆಯ ವಿರುದ್ಧ ಲೇಖಕರು ಆ ಪ್ರಶಸ್ತಿಯನ್ನೂ ಪದ್ಮಶ್ರೀಯನ್ನೂ ಹಿಂದಿರುಗಿಸಿದರು. ಅದೇ ವರ್ಷ ಕಾದಂಬರಿ ಸೂಸನ್ ಡೇನಿಯಲ್ ಅವರ ಅನುವಾದದಲ್ಲಿ ಇಂಗ್ಲಿಷಿಗೂ ಹೋಯಿತು. ಇದೆಲ್ಲ ನಮ್ಮ ಭಾಷಣಗಳಲ್ಲಿ ಬರುತ್ತದೆ. ಆದರೆ ನಾವು ಕೇಳುವ ಪ್ರಶ್ನೆ ಬೇರೆ. ಪುಸ್ತಕ ಓದಿದವರು ಎಷ್ಟು ಮಂದಿ? 2022ರಲ್ಲಿ ಅದೇ ಲೇಖಕರ 'ಆರ್‌ಎಸ್‌ಎಸ್ ಆಳ ಮತ್ತು ಅಗಲ' ಕೈಯಿಂದ ಕೈಗೆ ಹೋಯಿತು. ಅದನ್ನು ಹಿಡಿದುಕೊಂಡು ಓಡಾಡಿದ ಗೆಳೆಯರಲ್ಲಿ 'ಕುಸುಮಬಾಲೆ'ಯನ್ನು ಕೊನೇ ಪುಟದವರೆಗೆ ಓದಿದವರು ಕೈ ಎತ್ತಲಿ ಅಂದರೆ ಎಷ್ಟು ಕೈ ಏಳುತ್ತವೆ?

ಹೊಗಳಿ ಮೂಲೆಗಿಡುವುದು ನಮ್ಮ ದೇಶದ ಹಳೇ ಚಟ. ಅಂಬೇಡ್ಕರರಿಗೆ ಹಾರ ಹಾಕಿ ಅವರ ಪುಸ್ತಕ ಮುಚ್ಚಿಟ್ಟ ಜನ ನಾವು ನೋಡಿಲ್ಲವೇ? ಒಂದು ಕೃತಿಯನ್ನು ಸುಡುವುದಕ್ಕಿಂತ ಪೂಜೆ ಮಾಡಿ ಕೊಲ್ಲುವುದು ಸಲೀಸು. ಸುಟ್ಟರೆ ಜನ ಕೇಳುತ್ತಾರೆ, ಪೂಜೆ ಮಾಡಿದರೆ ಯಾರೂ ಕೇಳುವುದಿಲ್ಲ.

ಚಿಮ್ಮಡ, ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಅಂತ ನಮ್ಮ ಈ ಸೀಮೆಯಲ್ಲಿ ಓದುವ ಮಂದಿ ಈ ಪುಸ್ತಕದ ಮಾತು ಬಂದಾಗ ಹೇಳುವುದು ನಾಲ್ಕೇ ನಾಲ್ಕು ಮಾತು.

ಒಂದು: "ಭಾಷಾ ತಿಳಿಯೂದಿಲ್ರಿ. ಅದು ನಂಜನಗೂಡ ಕಡೆ ಮಾತು. ನಮ್ಮ ಕಡೆಯವರಿಗೆ ಹ್ಯಾಂಗ ತಿಳೀಬೇಕು?"

ಎರಡು: "ದೀಪ ಮಾತಾಡತಾವ, ಮಂಚ ಮಾತಾಡತೈತಿ. ಇಂಥಾ ಮಾಯಾಮಾಟದ ಕತಿಯಿಂದ ಹೋರಾಟಕ್ಕ ಏನ್ ಉಪಯೋಗ? 'ಒಡಲಾಳ'ದಂಗ ಬರೀಬೇಕಿತ್ತು."

ಮೂರು: "ಇದು ಹೊರದೇಶದ ಸರಕು. ಮಾರ್ಕ್ವೆಜ್ ಅಂತ ಒಬ್ಬಾಂವ ಬರದದ್ದರ ನೆರಳು."

ನಾಲ್ಕು: "ಎಲ್. ಬಸವರಾಜು ಅವರು ಸಾಲು ಒಡದು ಮತ್ತ ಅಚ್ಚು ಹಾಕಿದ ಮ್ಯಾಲ ಒಂದಿಷ್ಟು ತಿಳೀತು ನೋಡ್ರಿ. ಪಂಡಿತರ ಕೈ ಬೀಳಬೇಕಾತು."

ಈ ನಾಲ್ಕು ಮಾತಿಗೂ ಉತ್ತರ ಕೊಡದೆ ಬಿಡುವುದು ಸರಿಯಲ್ಲ. ಇವು ಬರೀ ಒಂದು ಪುಸ್ತಕದ ಮೇಲಿನ ಮಾತುಗಳಲ್ಲ. ಯಾರ ನಾಲಿಗೆ ಸಾಹಿತ್ಯ, ಯಾರ ಕನಸು ಕನಸು ಅನ್ನುವ ತೀರ್ಪು ಇವುಗಳೊಳಗೆ ಕೂತಿದೆ.

ಮೊದಲು ಭಾಷೆಯ ಮಾತು.

'ತಿಳಿಯುವುದಿಲ್ಲ' ಅನ್ನುವ ಬೈಗುಳ ನಮಗೆ ಹೊಸದಲ್ಲ. ಜಮಖಂಡಿ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರ ಸಂಸ್ಥಾನ. ಎರಡೂ 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ಸೇರಿಹೋದವು. ದರಬಾರದಲ್ಲಿ ಮರಾಠಿಯ ಜೋರು ಇದ್ದಾಗ ನಮ್ಮ ಹಿರಿಯರ ಕನ್ನಡ 'ತಿಳಿಯದ' ಭಾಷೆ ಆಗಿತ್ತು. 1956ರಲ್ಲಿ ಏಕೀಕರಣ ಆಯಿತು. ಕನ್ನಡದ ರಾಜ್ಯ ಬಂತು. ಆದರೆ ಬಂದ ಪಠ್ಯಪುಸ್ತಕದ ಕನ್ನಡದಲ್ಲಿ ನಮ್ಮ 'ಐತಿ' ಇರಲಿಲ್ಲ, 'ಹ್ಯಾಂಗ' ಇರಲಿಲ್ಲ, 'ಬರಾಕತ್ತೇನಿ' ಇರಲಿಲ್ಲ. ನಮ್ಮ ಹುಡುಗರು ಶಾಲೆಯಲ್ಲಿ ಬಾಯಿ ತೆರೆದರೆ 'ಶುದ್ಧವಾಗಿ ಮಾತಾಡೋ' ಅಂತ ಬೆತ್ತ ಬೀಳುತ್ತಿತ್ತು. ಸಿನಿಮಾದಲ್ಲಿ ನಮ್ಮ ಮಾತು ಬಂದರೆ ನಗಿಸುವುದಕ್ಕೇ ಬರುತ್ತಿತ್ತು. ಅಂಥ ಸೀಮೆಯವರು ಇವತ್ತು ನಂಜನಗೂಡಿನ ಕೇರಿಯ ಮಾತಿಗೆ 'ತಿಳಿಯೂದಿಲ್ಲ' ಅಂದರೆ, ನಮ್ಮ ಬೆನ್ನಿಗೆ ಬಿದ್ದ ಬೆತ್ತವನ್ನೇ ಎತ್ತಿ ಇನ್ನೊಬ್ಬರ ಬೆನ್ನಿಗೆ ಹಾಕಿದಂತೆ ಆಗುವುದಿಲ್ಲವೇ?

ಅವರು 'ಮೊಗ' ಅಂತಾರೆ, ನಾವು 'ಕೂಸು' ಅಂತೇವಿ. ಅವರು 'ಒಸಿ' ಅಂತಾರೆ, ನಾವು 'ಚೂರು' ಅಂತೇವಿ. ಅವರು 'ಎಂಗೆ' ಅಂದರೆ ನಮಗೆ 'ಹ್ಯಾಂಗ'. ಅವರ ಬಾಯಲ್ಲಿ ಹಳ್ಳಿ 'ಅಳ್ಳಿ' ಆಗುತ್ತದೆ. ಇದೇನು ದಾಟಲಾರದ ಹೊಳೆಯೇ? ಮಳೆಗಾಲದಲ್ಲಿ ಘಟಪ್ರಭೆಯನ್ನೇ ದಾಟಿದವರು ನಾವು. ಇಪ್ಪತ್ತು ಪುಟ ಓದುವಷ್ಟರಲ್ಲಿ ಕಿವಿ ಪಳಗುತ್ತದೆ. ಕಣ್ಣಿನಿಂದ ಓದಿದರೆ ತಡೆಯುವ ಮಾತು ಬಾಯಿಬಿಟ್ಟು ಓದಿದರೆ ಹರಿಯುತ್ತದೆ.

ಇನ್ನೊಂದು ಕಡೆಯಿಂದಲೂ ನೋಡಿ. ಬೆಳಗಾವಿ ಜಿಲ್ಲೆಯ ಘೋಡಗೇರಿಯ ಚಂದ್ರಶೇಖರ ಕಂಬಾರರು 1972ರಲ್ಲಿ 'ಜೋಕುಮಾರಸ್ವಾಮಿ' ಬರೆದರು. ಬಿ.ವಿ. ಕಾರಂತರು ಅದನ್ನು ಬೆಂಗಳೂರಿನಲ್ಲಿ ಆಡಿಸಿದರು. ಅಚ್ಚ ನಮ್ಮ ಸೀಮೆಯ ಮಾತು. ಬೆಂಗಳೂರಿನ ಪ್ರೇಕ್ಷಕರು ಎದ್ದು ಹೋದರೇ? ಇಲ್ಲ, ಕೂತು ನೋಡಿದರು, ಹಾಡು ಕಲಿತುಕೊಂಡು ಹೋದರು. ಕಂಬಾರರಿಗೆ ಮುಂದೆ ಜ್ಞಾನಪೀಠವೂ ಬಂತು. ಘೋಡಗೇರಿ ಬೆಂಗಳೂರಿಗೆ ತಿಳಿಯುವುದಾದರೆ ದೇವನೂರು ಚಿಮ್ಮಡಕ್ಕೆ ಯಾಕೆ ತಿಳಿಯಬಾರದು? ಹಾಗಾದರೆ ತೊಡಕು ಇರುವುದು ಮಾತಿನಲ್ಲೋ, ಮಾತಾಡುವವರ ಕೇರಿಯಲ್ಲೋ? ಇದನ್ನು ಎದೆ ಮುಟ್ಟಿಕೊಂಡು ಕೇಳಿಕೊಳ್ಳಬೇಕು.

ಎರಡನೇ ಮಾತು. ಇದು ನಮ್ಮವರೇ ಆಡುವ ಮಾತಾದ್ದರಿಂದ ಹೆಚ್ಚು ನೋವಿನದು.

'ಒಡಲಾಳ' ದೊಡ್ಡ ಕೃತಿ. ಸಾಕವ್ವನ ಕಳೆದುಹೋದ ಹುಂಜ, ರಾತ್ರಿ ಮನೆಮಂದಿ ಎಲ್ಲ ಕೂತು ತಿಂದು ಮುಗಿಸುವ ಕಡಲೆಕಾಯಿ, ಬೆಳಗ್ಗೆ ಬಾಗಿಲಿಗೆ ಬರುವ ಪೊಲೀಸು. ಓದಿದವರ ಹೊಟ್ಟೆ ಉರಿಯುತ್ತದೆ. ಅದು ಎಲ್ಲರಿಗೂ ಹಿಡಿಸಿತು. ಮೇಲ್ಜಾತಿಯ ವಿಮರ್ಶಕ ಮಹಾಶಯರಿಗೂ ಹಿಡಿಸಿತು. ಯಾಕೆಂದರೆ ದಲಿತ ಬರೆಯಬೇಕಾದದ್ದು ಹಸಿವಿನ ಬಗ್ಗೆ ಅಂತ ಅವರು ಮೊದಲೇ ತೀರ್ಮಾನ ಮಾಡಿದ್ದರು. ಹಸಿವಿನ ವರದಿ ಒಪ್ಪಿಸು, ಕಣ್ಣೀರಿನ ಲೆಕ್ಕ ಕೊಡು, ನಾವು ಮರುಗುತ್ತೇವೆ. ಆದರೆ ಕಲ್ಪನೆ ನಮ್ಮ ಹೊಲ, ಅದರೊಳಗೆ ಕಾಲಿಡಬೇಡ. ಇದು ಅವರ ಕರಾರು. ಹೊಲವೂ ಅವರದು, ಬಾವಿಯೂ ಅವರದು, ಗುಡಿಯೂ ಅವರದು. ಈಗ ಕನಸೂ ಅವರದೇ!

ಬಂಡಾಯದ ಗೆಳೆಯರು ಈ ಕರಾರಿಗೆ ಯಾಕೆ ಸಹಿ ಹಾಕಬೇಕು? 1973ರಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಅಂದಾಗ ಮಂತ್ರಿಗಿರಿ ಕಳೆದುಕೊಂಡರು, ದಲಿತ ವಿದ್ಯಾರ್ಥಿಗಳು ಏಟು ತಿಂದರು. ಆ ಏಟಿನಿಂದ ಒಂದು ಚಳವಳಿ ಎದ್ದಿತು. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಕಟ್ಟಿದ್ದೂ ಆ ಸಿಟ್ಟಿನ ಮುಂದುವರಿಕೆಯೇ. ಬೂಸಾ ಬೇಡ ಅಂದದ್ದು ಹಸಿವಿನ ಪಟ್ಟಿ ಬರೆಯುವುದಕ್ಕಲ್ಲ. ಕಾಳು ಬೆಳೆಯುವುದಕ್ಕೆ. ವಾಸ್ತವವಾದ ಒಂದೇ ದಲಿತ ಲೋಕವನ್ನು ಹಿಡಿಯಲಾರದು, ಅದರ ದೇವರು ದೆವ್ವ ಕತೆ ಕನಸುಗಳೆಲ್ಲ ಬೇಕು ಅಂತ ಡಿ.ಆರ್. ನಾಗರಾಜ್ ವಾದಿಸಿದ್ದು ಇದಕ್ಕೇ. ಸಿದ್ಧಲಿಂಗಯ್ಯನವರು 'ಹೊಲೆಮಾದಿಗರ ಹಾಡು' ಬರೆದ ಮೇಲೆ ಗ್ರಾಮದೇವತೆಗಳ ಬೆನ್ನು ಹತ್ತಿ ಊರೂರು ಅಲೆದದ್ದು ಹುಚ್ಚಿಗೆ ಅಲ್ಲ.

ಇನ್ನು ಹೋರಾಟಕ್ಕೆ ಏನು ಉಪಯೋಗ ಅನ್ನುವ ಪ್ರಶ್ನೆ. ಕಾದಂಬರಿಯಲ್ಲಿ ಏನಿದೆ? ಚೆನ್ನ ದಲಿತ ಹುಡುಗ. ಕುಸುಮ ಮೇಲ್ಜಾತಿಯ ಹೆಣ್ಣು. ಅವರ ಸಂಬಂಧಕ್ಕೆ ಬೆಲೆಯಾಗಿ ಚೆನ್ನನ ಕೊಲೆ. ಇದು ಮಾಯಾಮಾಟವೇ? 2019ರಲ್ಲಿ ಗದಗ ಜಿಲ್ಲೆಯ ಲಕ್ಕಲಕಟ್ಟಿಯಲ್ಲಿ ಜಾತಿ ಮೀರಿ ಮದುವೆಯಾದ ಜೋಡಿಯನ್ನು ಕೊಂದದ್ದು ಯಾವ ಮಾಯೆ? ನಮ್ಮಿಂದ ಅದೇನು ದೂರದ ಊರಲ್ಲ.

ಇಂಥ ಕೊಲೆಯ ಕತೆಯನ್ನು ಯಾರು ಹೇಳಬೇಕು? ನೋಡಿದವರು ಹೇಳಬೇಕು. ನೋಡಿದವರು ಹೇಳುತ್ತಾರೆಯೇ? ಕಂಬಾಲಪಲ್ಲಿಯನ್ನು ನೆನಪು ಮಾಡಿಕೊಳ್ಳಿ. 2000ನೇ ಇಸವಿ ಮಾರ್ಚ್ 11. ಅಂದಿನ ಕೋಲಾರ ಜಿಲ್ಲೆ, ಚಿಂತಾಮಣಿ ತಾಲೂಕು. ಏಳು ಮಂದಿ ದಲಿತರನ್ನು ಮನೆಯೊಳಗೇ ಸುಟ್ಟರು. ಸಾಕ್ಷಿಗಳು ಒಬ್ಬೊಬ್ಬರಾಗಿ ತಿರುಗಿದರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆ ಆದರು. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಏಳು ಹೆಣ ಇವೆ, ಕೊಂದವರು ಇಲ್ಲ! ಇದಕ್ಕಿಂತ ದೊಡ್ಡ ಮಾಯೆಯನ್ನು ಯಾವ ಕಾದಂಬರಿಕಾರ ಕಟ್ಟಬಲ್ಲ?

ಬದುಕಬೇಕಾದ ಸಾಕ್ಷಿ ಬಾಯಿ ಮುಚ್ಚುತ್ತಾನೆ. ಅವನನ್ನು ನಾವು ಹಳಿಯುವುದಿಲ್ಲ. ನಾಳೆ ಅದೇ ಗೌಡನ ಹೊಲಕ್ಕೆ ಕಬ್ಬು ಕಡಿಯಲು ಹೋಗಬೇಕು, ಅದೇ ಅಂಗಡಿಯಲ್ಲಿ ಉದ್ರಿ ತರಬೇಕು. ಪಂಚನಾಮೆಗೆ ಹೆಬ್ಬೆಟ್ಟು ಒತ್ತಿದ ಕೈಯನ್ನು ಊರು ಮರೆಯುವುದಿಲ್ಲ. ಅಂಥ ಊರಿನಲ್ಲಿ ನಡೆದದ್ದನ್ನು ನಡೆದಂತೆ ನೋಡಿದವರು ಯಾರು? ಮನೆಯ ದೀಪ ನೋಡಿದೆ. ಮಲಗುವ ಮಂಚ ನೋಡಿದೆ. ಅವುಗಳಿಗೆ ಉದ್ರಿಯ ಹೆದರಿಕೆ ಇಲ್ಲ, ಬಹಿಷ್ಕಾರದ ಹೆದರಿಕೆ ಇಲ್ಲ. ಆದ್ದರಿಂದ 'ಕುಸುಮಬಾಲೆ'ಯಲ್ಲಿ ಜೋತಮ್ಮಗಳು ರಾತ್ರಿ ಒಂದೆಡೆ ಸೇರಿ ಮಾತಾಡುತ್ತಾರೆ. ಮಂಚ ಬಾಯಿ ಬಿಡುತ್ತದೆ. ಇದು ಹೋರಾಟ ಬಿಟ್ಟು ಓಡಿಹೋಗುವ ದಾರಿಯಲ್ಲ. ಕೋರ್ಟಿಗೆ ಬರಲಾರದ ಸಾಕ್ಷಿಯನ್ನು ಜನರ ಮುಂದೆ ನಿಲ್ಲಿಸುವ ದಾರಿ. ವಾಸ್ತವವಾದಿ ಕತೆಗೆ ನೋಡಿ ಹೇಳುವ ಮನುಷ್ಯ ಬೇಕು. ಮನುಷ್ಯನ ಬಾಯಿಯನ್ನೇ ಕಟ್ಟಿದ ಊರಿನಲ್ಲಿ ಆ ಕತೆ ಅರ್ಧಕ್ಕೇ ನಿಲ್ಲುತ್ತದೆ. ಉಳಿದ ಅರ್ಧ ಇಲ್ಲಿದೆ.

ಮೂರನೇ ಮಾತು, ಹೊರದೇಶದ ಸರಕು.

ಗ್ಯಾಬ್ರಿಯಲ್ ಗಾರ್ಸಿಯಾ ಮಾರ್ಕ್ವೆಜ್ ಕೊಲಂಬಿಯಾದ ದೊಡ್ಡ ಲೇಖಕ. ಅವನ 'ನೂರು ವರ್ಷಗಳ ಏಕಾಂತ' 1967ರಲ್ಲಿ ಬಂತು, 1982ರಲ್ಲಿ ಅವನಿಗೆ ನೊಬೆಲ್ ಬಂತು. ಅಜ್ಜಿ ಹೇಳುತ್ತಿದ್ದ ಧಾಟಿಯಲ್ಲೇ ಕತೆ ಹೇಳಲು ಕಲಿತೆ ಅಂತ ಅವನೇ ಹೇಳಿಕೊಂಡಿದ್ದ. ಅವನಿಗೆ ಅಜ್ಜಿ ಇದ್ದಳು, ದೇವನೂರಿನವರಿಗೆ ಅಜ್ಜಿ ಇರಲಿಲ್ಲವೇ?

ದೀಪಗಳು ಸೇರಿ ಮಾತಾಡುವ ಕತೆ ಕನ್ನಡ ಹೆಣ್ಣುಮಕ್ಕಳ ಕತೆ. ಎ.ಕೆ. ರಾಮಾನುಜನ್ ಅದನ್ನು ಕೇಳಿ ಬರೆದಿಟ್ಟರು. ಕತೆ ಹೀಗೆ. ಒಬ್ಬ ಹೆಣ್ಣುಮಗಳಿಗೆ ಒಂದು ಕತೆ, ಒಂದು ಹಾಡು ಗೊತ್ತಿತ್ತು. ಯಾರಿಗೂ ಹೇಳಲಿಲ್ಲ. ಒಳಗೇ ಉಸಿರು ಕಟ್ಟಿದ ಕತೆ-ಹಾಡು ಒಂದು ದಿನ ಅವಳು ಮಲಗಿದಾಗ ಬಾಯಿಂದ ಹೊರಬಿದ್ದವು. ಒಂದು ಕೋಟಾಗಿ ಗೂಟಕ್ಕೆ ತೂಗಿತು, ಒಂದು ಜೋಡಾಗಿ ಬಾಗಿಲಲ್ಲಿ ಕೂತಿತು. ಗಂಡ ಬಂದು ನೋಡಿ 'ಯಾರು ಬಂದಿದ್ದರು?' ಅಂತ ಜಗಳ ತೆಗೆದು ಗುಡಿಗೆ ಹೋಗಿ ಮಲಗಿದ. ರಾತ್ರಿ ಊರಿನ ದೀಪಗಳೆಲ್ಲ ಗುಡಿಯಲ್ಲಿ ಸೇರಿದವು. ಇವನ ಮನೆಯ ದೀಪ ತಡವಾಗಿ ಬಂದು ನಿಜ ಸಂಗತಿ ಹೇಳಿತು.

ನಮ್ಮ ತಾಯಂದಿರು ಇವತ್ತಿಗೂ 'ದೀಪ ಆರಿಸು' ಅನ್ನುವುದಿಲ್ಲ, 'ಶಾಂತ ಮಾಡು' ಅಂತಾರೆ. ಯಾಕೆ? ದೀಪಕ್ಕೆ ಜೀವ ಇದೆ ಅಂತ ಅವರಿಗೆ ಗೊತ್ತು. ಅದನ್ನು ಕಲಿಯಲು ಕೊಲಂಬಿಯಾಕ್ಕೆ ಹೋಗಬೇಕಾಗಿಲ್ಲ.

ಗಿರೀಶ ಕಾರ್ನಾಡರು 1988ರ 'ನಾಗಮಂಡಲ'ದಲ್ಲಿ ಇದೇ ದೀಪಗಳನ್ನು ರಂಗದ ಮೇಲೆ ತಂದರು. ಜನ ಮೆಚ್ಚಿದರು, ಮೆಚ್ಚಬೇಕಾದ್ದೇ. ಆ ದೀಪಗಳು ಯಾರಿಗೂ ತಿಳಿಯದೆ ಹೋಗಲಿಲ್ಲ. ಅದೇ ದೀಪ ಹೊಲಗೇರಿಯ ಗುಡಿಸಲಿನಿಂದ ಎದ್ದು ಬಂದಾಗ ಮಾತ್ರ 'ವಿದೇಶಿ' ಆಯಿತೇ? ದೀಪಕ್ಕೂ ಜಾತಿ ಪತ್ರ ಕೇಳುವ ಜನ ಇವರು.

ಕತೆಯೊಳಗಿನ ಆ ಜೋಡನ್ನು ಇನ್ನೊಮ್ಮೆ ನೋಡಿ. ಮೇಲಿನ ಓಣಿಯಲ್ಲಿ ಚಪ್ಪಲಿ ಮೆಟ್ಟಿ ನಡೆಯಲು ಬಿಡದ ಊರುಗಳ ಜನ ನಾವು. ಹೇಳದೆ ಉಳಿದ ಕತೆ ಚಪ್ಪಲಿಯಾಗಿ ಯಜಮಾನನ ಬಾಗಿಲಲ್ಲಿ ಕೂತರೆ ಅವನ ನಿದ್ದೆ ಕೆಡಲೇಬೇಕು. ಸಾವಿರಾರು ವರ್ಷ ನಾವು ಹೇಳದ ಕತೆಗಳು ಎಷ್ಟಿವೆ? ಅವುಗಳಿಂದ ಎಷ್ಟು ಜೋಡು ಆಗಬಹುದು, ಲೆಕ್ಕ ಹಾಕಿ.

ಮುಧೋಳದವರಿಗೆ ಇನ್ನೊಂದು ಮಾತು. ನಿಮ್ಮೂರಿನ ರನ್ನ, ಬಳೆಗಾರರ ಮನೆಯ ಹುಡುಗ, ಹತ್ತನೇ ಶತಮಾನದಲ್ಲಿ ಹುಟ್ಟಿ 'ಗದಾಯುದ್ಧ' ಬರೆದ. ಅದರಲ್ಲಿ ರಣರಂಗದ ಮರುಳುಗಳು ದುರ್ಯೋಧನನ ಎದುರಿಗೇ ಮಾತಾಡುತ್ತವೆ. ಅದನ್ನು ಕಾಲೇಜಿನಲ್ಲಿ ಟಿಪ್ಪಣಿ ಸಮೇತ ಓದಿಸುತ್ತಾರೆ. ಹಳಗನ್ನಡದ ಆ ಪದ್ಯಗಳಿಗೆ ನಿಘಂಟು ಬೇಕು, ಮೇಷ್ಟ್ರು ಬೇಕು, ಪರೀಕ್ಷೆ ಬೇಕು. ಯಾರೂ 'ತಿಳಿಯುವುದಿಲ್ಲ' ಅಂತ ಅದನ್ನು ಆಚೆ ಇಡಲಿಲ್ಲ. ಸಾವಿರ ವರ್ಷದ ಹಿಂದಿನ ಮರುಳಿನ ಮಾತಿಗೆ ಪಡುವ ಶ್ರಮದಲ್ಲಿ ಹತ್ತನೇ ಒಂದು ಪಾಲು ಈ ಕಾಲದ ಜೋತಮ್ಮಳ ಮಾತಿಗೆ ಪಡಬಾರದೇ?

ನಾಲ್ಕನೇ ಮಾತಿಗೆ ಬರೋಣ.

ಎಲ್. ಬಸವರಾಜು ಅವರನ್ನು ನಾವು ಗೌರವಿಸುತ್ತೇವೆ. ಅಲ್ಲಮನ ವಚನಗಳನ್ನು ಸಂಪಾದಿಸಿದ ದೊಡ್ಡ ವಿದ್ವಾಂಸ. 2009ರ ಚಿತ್ರದುರ್ಗದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು. ಅವರು 'ಕುಸುಮಬಾಲೆ'ಯ ಗದ್ಯವನ್ನು ಉಸಿರಿಗೆ ತಕ್ಕಂತೆ ಒಡೆದು, ಕಾವ್ಯದ ಸಾಲುಗಳಾಗಿ ಜೋಡಿಸಿ ಮತ್ತೆ ಪ್ರಕಟಿಸಿದರು. ಇದರಿಂದ ಉಪಕಾರ ಆಗಿದೆ. ಎಲ್ಲಿ ನಿಲ್ಲಬೇಕು, ಎಲ್ಲಿ ಎಳೆಯಬೇಕು ಅಂತ ಕಣ್ಣಿಗೆ ಕಾಣುತ್ತದೆ. ಗುಂಪಿನಲ್ಲಿ ಓದಿ ಹೇಳುವವರಿಗೆ ಆ ಪ್ರತಿ ಬಹಳ ಅನುಕೂಲ.

ಆದರೆ ಅದರಿಂದ ಕೆಲವರು ತೆಗೆಯುವ ತಾತ್ಪರ್ಯ ವಿಷದ್ದು. ಪಂಡಿತರ ಕೈ ಬಿದ್ದ ಮೇಲೆ ಪುಸ್ತಕ ಶುದ್ಧ ಆಯಿತು ಅನ್ನುವ ಧಾಟಿ ಇದೆಯಲ್ಲ, ಅದು ಪುರೋಹಿತಶಾಹಿ ಧಾಟಿ. ಬಸವರಾಜು ಅವರು ಒಂದು ಹೊಸ ಪದ ಹಾಕಿ ಕಾವ್ಯ ಮಾಡಲಿಲ್ಲ. ಅದರೊಳಗೆ ಇದ್ದ ಲಯವನ್ನು ಕಂಡು ತೋರಿಸಿದರು. ಅಲ್ಲಮನ ಬೆಡಗಿನ ವಚನಗಳ ಜೊತೆ ಬಾಳಿದ ಕಿವಿಗೆ ಕೇರಿಯ ಮಾತಿನಲ್ಲಿ ಅದೇ ಜಾತಿಯ ಕಾವ್ಯ ಕೇಳಿಸಿತು. ಇದು ಪಂಡಿತರು ಕೇರಿಗೆ ಕೊಟ್ಟ ಸರ್ಟಿಫಿಕೇಟ್ ಅಲ್ಲ. ಪಾಂಡಿತ್ಯ ಕೇರಿಯ ಮುಂದೆ ಕೂತು ಪಾಠ ಹೇಳಿಸಿಕೊಂಡ ಪ್ರಸಂಗ. ಚಿಮ್ಮಡದ ನೆರೆಯಲ್ಲೇ ತೇರದಾಳ ಇದೆ, ಅಲ್ಲಿ ಅಲ್ಲಮಪ್ರಭುವಿನ ಗುಡಿ ಇದೆ. ಆ ಗುಡಿಗೆ ನಡೆದುಕೊಳ್ಳುವ ಜನ ಅಲ್ಲಮನ ಒಗಟು ಬಿಡಿಸಲು ರಾತ್ರಿಯಿಡೀ ಅನುಭಾವ ನಡೆಸುತ್ತಾರೆ. ತಿಳಿಯದ ಮಾತನ್ನು ಕೂಡಿ ಕೂತು ತಿಳಿದುಕೊಳ್ಳುವ ಪದ್ಧತಿ ನಮ್ಮಲ್ಲಿ ಇದೆ. ಆ ಪದ್ಧತಿಯನ್ನು ದಲಿತ ಲೇಖಕನ ಪುಸ್ತಕಕ್ಕೆ ವಿಸ್ತರಿಸಲು ಏನು ಅಡ್ಡಿ?

ಒಂದು ಮಾತು ಸ್ಪಷ್ಟ ಮಾಡಬೇಕು. ದಲಿತ ಬರೆದದ್ದೆಲ್ಲ ಮೆಚ್ಚಲೇಬೇಕು ಅಂತ ನಾವು ಹೇಳುತ್ತಿಲ್ಲ. ಓದಿ, ಆಮೇಲೆ ಬೈಯಿರಿ. ಕತೆ ಅಲ್ಲಲ್ಲಿ ಹರಿದಂತಿದೆ ಅನ್ನಿ. ಯಾರು ಯಾರ ಮಗ ಅಂತ ಗೊತ್ತಾಗಲು ಎರಡು ಸಲ ಓದಬೇಕು ಅನ್ನಿ, ಅದು ನಿಜವೇ. ಕುಸುಮೆಗೆ ಇನ್ನಷ್ಟು ಮಾತು ಬೇಕಿತ್ತು ಅಂತ ವಾದಿಸಿ. ಆ ಜಗಳ ನಮಗೆ ಬೇಕು. ಬೇಡವಾದದ್ದು ಓದದೆ ಕೊಡುವ ತೀರ್ಪು. 'ಜನರಿಗೆ ತಿಳಿಯುವುದಿಲ್ಲ' ಅನ್ನುವವರು ಜನರನ್ನು ಕೇಳಿದ್ದಾರೆಯೇ? ಜನರಿಗೆ ಶ್ರೀಕೃಷ್ಣ ಪಾರಿಜಾತ ರಾತ್ರಿಯಿಡೀ ತಿಳಿಯುತ್ತದೆ. ಹಲಗಲಿ ಬೇಡರ ಲಾವಣಿ ತಿಳಿಯುತ್ತದೆ. ಅಕ್ಷರ ಕಲಿಯದ ಮುದುಕಿಗೆ ನೂರು ಒಗಟು ಗೊತ್ತು. ತಿಳಿಯದೆ ಇರುವುದು ಜನರಿಗಲ್ಲ. ಜನರ ಹೆಸರಿನಲ್ಲಿ ಮಾತಾಡುವವರಿಗೆ.

ಹಾಗಾದರೆ ಏನು ಮಾಡಬೇಕು? ನಾವು ಹೇಳುವುದು ಇಷ್ಟು.

ಹಳ್ಳಿ ಶಾಲೆಯ ಗುರುಗಳೇ, ಪಂಚಾಯತಿ ಗ್ರಂಥಾಲಯಕ್ಕೆ ಈಗ 'ಅರಿವು ಕೇಂದ್ರ' ಅಂತ ಬೋರ್ಡು ಬಂದಿದೆ. ಒಳಗೆ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳ ಪಕ್ಕದಲ್ಲಿ ಈ ಪುಸ್ತಕ ಇದೆಯೋ ನೋಡಿ. ಇಲ್ಲದಿದ್ದರೆ ಅರ್ಜಿ ಬರೆದುಕೊಡಿ. ತರಿಸುವುದು ಅವರ ಕರ್ತವ್ಯ, ಕೇಳುವುದು ನಮ್ಮ ಹಕ್ಕು.

ಕಾರ್ಯಕರ್ತರೇ, ಅಂಬೇಡ್ಕರ್ ಭವನಗಳು ಏಪ್ರಿಲ್ 14ಕ್ಕೆ ಮಾತ್ರ ಬೀಗ ತೆಗೆಯುವ ಕಟ್ಟಡ ಆಗಬಾರದು. ವಾರಕ್ಕೊಂದು ಸಂಜೆ ಕೂಡಿರಿ. ಒಬ್ಬರು ಗಟ್ಟಿಯಾಗಿ ಓದಲಿ, ಹತ್ತು ಪುಟ ಸಾಕು. ತೊಡಕಿನ ಮಾತು ಬಂದಲ್ಲಿ ನಿಲ್ಲಿಸಿ, ಕೂತ ಹೆಣ್ಣುಮಕ್ಕಳನ್ನು, ಮುದುಕರನ್ನು ಕೇಳಿ. ಮಗ್ಗದ ಕೆಲಸ ಮುಗಿಸಿ ಬಂದವರು, ಕಬ್ಬಿನ ಗ್ಯಾಂಗಿನಿಂದ ಬಂದವರು ಅರ್ಥ ಹೇಳುತ್ತಾರೆ. ಮೈಸೂರಿನ ರಂಗಾಯಣ ಈ ಕೃತಿಯನ್ನು ರಂಗಕ್ಕೆ ತಂದಿತ್ತು. ನಮ್ಮ ಪಾರಿಜಾತದ ಕಲಾವಿದರು ಇದರ ಒಂದು ಪ್ರಸಂಗ ಆಡಬಾರದು ಅಂತ ಯಾರು ಹೇಳಿದರು?

ವಿದ್ಯಾರ್ಥಿಗಳೇ, ನಿಮಗೆ ಹೇಳುವುದು ಎಲ್ಲಕ್ಕಿಂತ ಮುಖ್ಯ. ದೇವನೂರು ತನ್ನ ಕೇರಿಯ ಮಾತಿನಲ್ಲಿ ಬರೆದರು. ಚಿಮ್ಮಡದ ಕೇರಿಯ ಮಾತಿನಲ್ಲಿ ಬರೆಯಬೇಕಾದವರು ನೀವು. ನಿಮ್ಮ ಅವ್ವ ಬೈಯುವ ಮಾತಿನಲ್ಲಿ, ಆಯಿ ಕತೆ ಹೇಳುವ ಮಾತಿನಲ್ಲಿ ಬರೆಯಿರಿ. ಹಸಿವನ್ನೂ ಬರೆಯಿರಿ, ದೆವ್ವವನ್ನೂ ಬರೆಯಿರಿ. ಮೈಸೂರಿನವರು 'ತಿಳಿಯುವುದಿಲ್ಲ' ಅಂದರೆ ಹೆದರಬೇಡಿ. ತಿಳಿಯುವ ತನಕ ಓದಲಿ. ನಾವೂ ಹಾಗೇ ಅವರದನ್ನು ಓದೋಣ.

ಹಸಿವಿನ ಕತೆ ಹೇಳಲು ನಾವು ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಕನಸಿನ ಕತೆ ಹೇಳಲು ಕೇಳುವುದೂ ಇಲ್ಲ. ಪುಸ್ತಕ ಸಣ್ಣದು, ಎರಡು ಸಂಜೆಗೆ ಮುಗಿಯುತ್ತದೆ. ಮೊದಲು ತೆರೆಯಿರಿ.